ಆರ್ವಿಲ್ ರೈಟ್ ಡೈರಿಯ ಡಿಸೆಂಬರ್ 17ರ ಪುಟ: 57 ಸೆಕೆಂಡಾ, 59 ಸೆಕೆಂಡಾ?

ಹಳೇಕಡತ:
ಎಂಜಿನ್ ವಿಮಾನವನ್ನು ಮೊದಲು ಹಾರಿಸಿದ ರೈಟ್ ಸಹೋದರರಲ್ಲಿ ಅಣ್ಣ ವಿಲ್ಬರ್ ತೀರಿಕೊಂಡಿದ್ದು 1912ರ ಮೇ 30ರಂದು, ಆರ್ವಿಲ್ 1948ರ ಜನವರಿ 30ರಂದು. ಪುಸ್ತಕ ಬರೆಯುತ್ತೇನೆ ಅನ್ನುತ್ತಲೇ ಆರ್ವಿಲ್ ಕಾಲ ತಳ್ಳಿದರು, ಬರೆಯಲೇ ಇಲ್ಲ. ಡೈರಿ, ಲೆಕ್ಕದ ನೋಟ್‌ಬುಕ್, ಪತ್ರಗಳೆಲ್ಲ 1949ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಮಾರ್ವಿನ್ ಮ್ಯಾಕ್‌ಫಾರ್ಲೆಂಡ್ ಸಂಪಾದಿಸಿದ ಎರಡು ದಪ್ಪ ಸಂಪುಟಗಳಲ್ಲಿ 1953ರಲ್ಲಿ ಅಚ್ಚಾದವು. ಈಗ ಮೂಲ ಪುಟಗಳ ಸ್ಕ್ಯಾನನ್ನೇ ಮನೆಯಲ್ಲಿ ಕೂತು ನೋಡಬಹುದು.

ಹೀಗಿದ್ದೂ ಕನ್ನಡದ ಲೇಖನಗಳಲ್ಲಿ ಆ ಮೊದಲ ಹಾರಾಟಗಳು ನಡೆದ 1903ರ ಡಿಸೆಂಬರ್ 17ರ ಅಂಕಿಗಳು ಒಂದೊಂದು ಕಡೆ ಒಂದೊಂದು ಥರ. ಉದ್ದದ ಹಾರಾಟ ಕೆಲವರಿಗೆ 57 ಸೆಕೆಂಡ್, ಕೆಲವರಿಗೆ 59. ಮೊದಲ ಹಾರಾಟ ಒಂದು ಕಡೆ 100 ಅಡಿ, ಇನ್ನೊಂದು ಕಡೆ 120. ಗಾಳಿ ಗಂಟೆಗೆ 20 ಮೈಲಿ, 21, 24, 27, ಎಲ್ಲವೂ ಇವೆ. ಡೈರಿಯ ಪುಟವನ್ನೇ ಮುಂದಿಟ್ಟುಕೊಂಡು ಇದನ್ನು ಒಂದು ಸಲ ಬಿಡಿಸಿಬಿಡೋಣ.

ಸೈಕಲ್‌ಚೈನ್:
57 ಬಂದಿದ್ದು ಆ ದಿನ ಸಹೋದರರು ಡೇಟನ್‌ನ ತಮ್ಮ ಮನೆಗೆ ಕಳಿಸಿದ ಟೆಲಿಗ್ರಾಮಿನಿಂದ. ಅದರ ದಾರಿ ನೋಡಿ. ಹಾರಾಟದ ಜಾಗಕ್ಕೆ ಹತ್ತಿರದ ಊರಾದ ಕಿಟಿ ಹಾಕ್‌ನ ಹವಾಮಾನ ಕೇಂದ್ರದ ಜೋಸೆಫ್ ಡೋಷರ್ ಅದನ್ನು ಸರ್ಕಾರಿ ತಂತಿಯಲ್ಲಿ ನಾರ್ಫೋಕ್‌ಗೆ ಕಳಿಸಿದರು, ಅಲ್ಲಿಂದ ಖಾಸಗಿ ತಂತಿಯಲ್ಲಿ ಡೇಟನ್‌ಗೆ ಹೋಯಿತು. ನಡುವೆ ಎಲ್ಲೋ 59 ಹೋಗಿ 57 ಆಯಿತು. ಅದೇ ಟೆಲಿಗ್ರಾಮಿನ ಕೊನೆಯಲ್ಲಿ ಕಳಿಸಿದವರ ಹೆಸರೂ ‘ಒರೆವೆಲ್’ ಅನ್ನುವ ಹಾಗೆ ಕೆಟ್ಟಿದೆ. ಹೆಸರನ್ನೇ ಕೆಡಿಸಿದ ತಂತಿಯ ಅಂಕಿಯನ್ನು ಯಾಕೆ ನಂಬಬೇಕು? ಡೈರಿಯಲ್ಲಿ ಸ್ಪಷ್ಟವಾಗಿ ಇದೆ: ನೆಲದ ಮೇಲೆ 852 ಅಡಿ, 59 ಸೆಕೆಂಡ್.

ಅಂಕಿ ತಾಳೆಯಾಗುತ್ತದಾ ಅಂತ ನೋಡೋದು ಸುಲಭ. 852ನ್ನು 59ರಿಂದ ಭಾಗಿಸಿದರೆ ಸೆಕೆಂಡಿಗೆ 14.4 ಅಡಿ, ಅಂದರೆ ಗಂಟೆಗೆ 9.85 ಮೈಲಿ. ಇದು ನೆಲದ ವೇಗ. ಎದುರುಗಾಳಿ 21 ಮೈಲಿ ಕೂಡಿಸಿದರೆ 30.85. ಟೆಲಿಗ್ರಾಮಿನಲ್ಲಿ ‘ಗಾಳಿಯಲ್ಲಿ ಸರಾಸರಿ 31 ಮೈಲಿ ವೇಗ’ ಅಂತ ಇರುವುದು ಸರಿಯಾಗಿ ಕೂರುತ್ತದೆ. ಗಾಳಿಯಲ್ಲಿ ಕ್ರಮಿಸಿದ ದೂರ ಬೇಕಾದರೆ 30.85 ಮೈಲಿ ಅಂದರೆ ಸೆಕೆಂಡಿಗೆ 45 ಅಡಿಗಿಂತ ಚೂರು ಹೆಚ್ಚು. ಅದನ್ನು 59ರಿಂದ ಗುಣಿಸಿದರೆ ಸುಮಾರು 2,670 ಅಡಿ. ಅರ್ಧ ಮೈಲಿ 2,640 ಅಡಿ. ಸಹೋದರರು ‘ಗಾಳಿಯಲ್ಲಿ ಅರ್ಧ ಮೈಲಿಗಿಂತ ಹೆಚ್ಚು’ ಅಂದದ್ದು ಬಡಾಯಿ ಅಲ್ಲ.

ಒಂದು ಎಚ್ಚರಿಕೆ: 57 ಹಾಕಿ ಲೆಕ್ಕ ಮಾಡಿದರೂ ವೇಗ 31ರ ಹತ್ತಿರವೇ ಬರುತ್ತದೆ. ಹಾಗಾಗಿ ವೇಗದ ತಾಳೆಯಿಂದ 59ನ್ನು ಸಾಬೀತು ಮಾಡಲಾಗದು. ಡೈರಿಗೆ ಮಣೆ ಹಾಕಲು ಕಾರಣ ಅದು ಅದೇ ದಿನ, ಹಾರಿದವರದೇ ಕೈಯಲ್ಲಿ ದಾಖಲಾಗಿದೆ ಅನ್ನುವುದು.

ನಮೂದು:
ಇನ್ನೊಂದು ಮುಖ್ಯ ವಿಷಯ. ಆ ದಿನದ ನಾಲ್ಕು ಹಾರಾಟಗಳ ಅಂಕಿಗಳಿಗೆಲ್ಲ ಒಂದೇ ತೂಕ ಇಲ್ಲ. ಪಟ್ಟಿ ಮಾಡಿ 120, 175, 200, 852 ಅಂತ ಸಾಲಾಗಿ ಬರೆದುಬಿಟ್ಟರೆ ನಾಲ್ಕನ್ನೂ ಟೇಪು ಹಿಡಿದು ಅಳೆದಂತೆ ಕಾಣುತ್ತದೆ. ಡೈರಿ ಹಾಗೆ ಹೇಳುವುದಿಲ್ಲ. ಎರಡನೆಯದು, 11 ಗಂಟೆ 20 ನಿಮಿಷಕ್ಕೆ ವಿಲ್ಬರ್ ಹಾರಿದ್ದು: ದೂರ ಅಳೆದಿಲ್ಲ, ಸುಮಾರು 175 ಅಡಿ. ಮೂರನೆಯದು, 12ಕ್ಕೆ 20 ನಿಮಿಷ ಇರುವಾಗ ಆರ್ವಿಲ್ ಹಾರಿದ್ದು: 15 ಸೆಕೆಂಡ್, 200 ಅಡಿಗಿಂತ ಚೂರು ಹೆಚ್ಚು. ಎಡದಿಂದ ಬಂದ ಜೋರು ಗಾಳಿ ಎಡ ರೆಕ್ಕೆಯನ್ನು ಎತ್ತಿ ಯಂತ್ರವನ್ನು ಬಲಕ್ಕೆ ಜಾರಿಸಿತ್ತು. ನಾಲ್ಕನೆಯದು ಸರಿಯಾಗಿ 12ಕ್ಕೆ, ವಿಲ್ಬರ್: ಅದರ ದೂರ ಮಾತ್ರ ಒಂದೊಂದು ಅಡಿ ಲೆಕ್ಕದಲ್ಲಿದೆ.

ಮೊದಲನೆಯದರ 12 ಸೆಕೆಂಡ್ ಇನ್ನೂ ಸ್ವಾರಸ್ಯಕರ. ಡೈರಿಯಲ್ಲಿ ಆರ್ವಿಲ್ ‘ಸುಮಾರು’ ಅಂತಲೇ ಬರೆದು, ಗಡಿಯಾರವನ್ನು ತಕ್ಷಣ ನಿಲ್ಲಿಸಲಿಲ್ಲವಾದ್ದರಿಂದ ಸರಿಯಾಗಿ ಗೊತ್ತಿಲ್ಲ ಅಂತ ಕಂಸದಲ್ಲಿ ಸೇರಿಸಿದ್ದಾರೆ. ಜಗತ್ತಿನ ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವ 12 ಸೆಕೆಂಡಿನ ಮೂಲದಲ್ಲೇ ಈ ಅನುಮಾನ ಇದೆ.

ಮಲೆನಾಡಹಕ್ಕಿ:
ಸರಿ, ಹಾಗಾದರೆ 100 ಮತ್ತು 120ರ ಗಲಾಟೆ? ಡೈರಿಯಲ್ಲಿ 100 ಅಡಿ ಅಂತ ಕಣ್ಣಾರೆ ಕಾಣುತ್ತಿದೆಯಲ್ಲ.

ನಮೂದು:
ಎಲ್ಲಿಂದ 100 ಅನ್ನುವುದನ್ನು ಓದಿ, ಅಷ್ಟೇ. ಡೈರಿಯ 100 ಅಡಿ ‘ಹಳಿಯ ತುದಿಯಿಂದ’. ಯಂತ್ರವನ್ನು ಬಂಡಿಯ ಮೇಲೆ ಕೂರಿಸಿ ಓಡಿಸುತ್ತಿದ್ದ ಹಳಿ 60 ಅಡಿ, 15 ಅಡಿಯ ನಾಲ್ಕು ತುಂಡು. ಯಂತ್ರ ನಾಲ್ಕನೇ ತುಂಡಿಗೆ ಬರುತ್ತಿದ್ದಂತೆ ಬಂಡಿಯಿಂದ ಮೇಲೆದ್ದಿತು. ಅಂದರೆ ಹಳಿ ಮುಗಿಯುವ 15-20 ಅಡಿ ಮೊದಲೇ ಗಾಳಿಯಲ್ಲಿತ್ತು. 1913ರಲ್ಲಿ ಆರ್ವಿಲ್ ತಾವೇ ಬರೆದ ಲೇಖನದಲ್ಲಿ ಎರಡೂ ಅಳತೆ ಒಂದೇ ವಾಕ್ಯದಲ್ಲಿವೆ: ಹಳಿಯ ತುದಿಯಿಂದ 100 ಅಡಿಗಿಂತ ಸ್ವಲ್ಪ ಹೆಚ್ಚು, ಮೇಲೆದ್ದ ಜಾಗದಿಂದ 120 ಅಡಿಗಿಂತ ಸ್ವಲ್ಪ ಹೆಚ್ಚು. ಎರಡೂ ಸರಿ, ಸೊನ್ನೆ ಇಟ್ಟ ಜಾಗ ಬೇರೆ.

ಮಲೆನಾಡಹಕ್ಕಿ:
ಇದು ತಿಳಿಯಿತು. ಗಾಳಿಗೆ ಮಾತ್ರ ನಾಲ್ಕು ಅಂಕಿ ಯಾಕೆ?

ಗಾಳಿಗೂಡು:
ಯಾಕೆಂದರೆ ಅಳೆದವರು ಇಬ್ಬರು, ಅಳೆದ ಹೊತ್ತು ಬೇರೆ ಬೇರೆ. ಕಿಟಿ ಹಾಕ್‌ನ ಸರ್ಕಾರಿ ಅನಿಮಾಮೀಟರ್ (ಗಾಳಿಯ ವೇಗ ಅಳೆಯುವ ಉಪಕರಣ) ಮೊದಲ ಹಾರಾಟದ ಹೊತ್ತಿಗೆ 27 ಮೈಲಿ, ಕೊನೆಯದರ ಹೊತ್ತಿಗೆ 24 ತೋರಿಸಿತ್ತು. ಅದು ಇದ್ದದ್ದು ಹಾರಾಟದ ಜಾಗದಿಂದ ಸುಮಾರು 4 ಮೈಲಿ ದೂರದಲ್ಲಿ. ಸಹೋದರರ ಕೈಯಲ್ಲಿದ್ದದ್ದು ಫ್ರಾನ್ಸಿನ ರಿಷಾರ್ ಕಂಪನಿಯ ಕೈ ಅನಿಮಾಮೀಟರ್. ಅದರ ಲೆಕ್ಕ ಮೀಟರಿನಲ್ಲಿ. ಮೊದಲ ಹಾರಾಟಕ್ಕೆ ಮುಂಚೆ ಸೆಕೆಂಡಿಗೆ 11-12 ಮೀಟರ್, ಕೊನೆಯದಕ್ಕೆ ಮುಂಚೆ 9-10, ಅದು ಮುಗಿದ ಮೇಲೆ 8ಕ್ಕಿಂತ ಸ್ವಲ್ಪ ಹೆಚ್ಚು. ಮೈಲಿಗೆ ತಿರುಗಿಸಲು 2.237ರಿಂದ ಗುಣಿಸಿ: 11-12 ಮೀಟರ್ ಅಂದರೆ 24.6ರಿಂದ 26.8 ಮೈಲಿ, 9-10 ಅಂದರೆ 20ರಿಂದ 22.4. ಟೆಲಿಗ್ರಾಮಿನ 21 ಈ ಎರಡನೇ ಅಳತೆಯ ನಟ್ಟನಡುವೆ ಬೀಳುತ್ತದೆ.

ಗಾಳಿ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಇಳಿಯುತ್ತಾ ಬಂದಿದೆ. ಆದ್ದರಿಂದ ‘ಆ ದಿನದ ಗಾಳಿ ಇಷ್ಟು’ ಅಂತ ಒಂದೇ ಅಂಕಿ ಬರೆಯುವುದೇ ತಪ್ಪು. ಮೊದಲ ಹಾರಾಟದ ಲೆಕ್ಕಕ್ಕೆ 21 ಹಾಕಿದರೆ, ಅಥವಾ ಕೊನೆಯದಕ್ಕೆ 27 ಹಾಕಿದರೆ ಉತ್ತರ ಕೆಡುತ್ತದೆ. 1913ರ ಲೇಖನದಲ್ಲಿ ಆರ್ವಿಲ್ ಮೊದಲ ಹಾರಾಟಕ್ಕೆ ಗಾಳಿ ಸೆಕೆಂಡಿಗೆ 35 ಅಡಿ, ನೆಲದ ವೇಗ 10 ಅಡಿ ಹಿಡಿದು, ಒಟ್ಟು 45 ಅಡಿಯನ್ನು 12 ಸೆಕೆಂಡಿಗೆ ಗುಣಿಸಿ, ನಿಂತ ಗಾಳಿಯಲ್ಲಿ 540 ಅಡಿ ಹಾರಿದ್ದಕ್ಕೆ ಸಮ ಅಂದಿದ್ದಾರೆ. ಆದರೆ ಡೈರಿಯಲ್ಲಿ ಅದೇ ಹೊತ್ತಿಗೆ ‘ತಿದ್ದಿದ ಮೇಲೆ 20ಕ್ಕಿಂತ ಸ್ವಲ್ಪ ಹೆಚ್ಚು’ ಅಂತಿದೆ. ತಿದ್ದಿದ್ದು ಯಾಕೆಂದರೆ ಅನಿಮಾಮೀಟರನ್ನು ನಂಬಿ ಕೆಡಬಾರದು ಅಂತ. ಆ ಕಾಲದ ಬಟ್ಟಲು ಅನಿಮಾಮೀಟರಂತೂ ಜೋರು ಗಾಳಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ತೋರಿಸುತ್ತಿತ್ತು. ಕನ್ನಡಕ್ಕೆ ತರುವವರು ಆ ‘ತಿದ್ದಿದ ಮೇಲೆ’ ಅನ್ನುವ ಒಂದು ಮಾತನ್ನು ಬಿಟ್ಟರೆ ಸಾಲಿನ ಅರ್ಥವೇ ಹೋಯಿತು.

ಸೈಕಲ್‌ಚೈನ್:
ಯಂತ್ರದ ಮೇಲೂ ಉಪಕರಣ ಇತ್ತು: ಒಂದು ಅನಿಮಾಮೀಟರ್, ಒಂದು ಸ್ಟಾಪ್‌ವಾಚ್, ಎಂಜಿನ್ ಸುತ್ತು ಎಣಿಸುವ ವೀಡರ್ ಕೌಂಟರ್. ಮೂರೂ ಒಂದೇ ಸನ್ನೆಗೆ ಜೋಡಣೆ. ಹೊರಡುವಾಗ ಒಂದೇ ಸಲ ಶುರು, ಇಳಿದಾಗ ಒಂದೇ ಸಲ ನಿಲುಗಡೆ. ಮಲಗಿಕೊಂಡು ಹಾರಿಸುವವನ ಎರಡು ಕೈಗೂ ಕೆಲಸ, ಸೊಂಟಕ್ಕೂ ಕೆಲಸ (ರೆಕ್ಕೆ ತಿರುಚುವ ತೊಟ್ಟಿಲನ್ನು ಸೊಂಟದಿಂದಲೇ ಎಡಬಲ ಸರಿಸಬೇಕು). ಮೂರು ಗುಂಡಿ ಬೇರೆ ಬೇರೆ ಒತ್ತುವ ಸ್ಥಿತಿ ಇರಲಿಲ್ಲ.

ನಾಮಪದ:
ಡೈರಿಯ ಕನ್ನಡ ಅನುವಾದದ ಕಡೆಯಿಂದ ಕೆಲವು ಅನುಮಾನ. ಪುಟದಲ್ಲಿ ‘ಫ್ರಂಟ್ ರಡ್ಡರ್’ ಅಂತ ಪದೇ ಪದೇ ಬರುತ್ತದೆ. ಮುಂದಿನ ಚುಕ್ಕಾಣಿ ಅನ್ನಬಹುದೇ? ‘ಟ್ರಕ್’ ಅಂದರೆ? ‘ಸ್ಟೇಷನ್’ ಅಂದರೆ ರೈಲ್ವೆ ಸ್ಟೇಷನ್ನೇ?

ನಮೂದು:
ಮೇಡಂ, ‘ಫ್ರಂಟ್ ರಡ್ಡರ್’ ಇವತ್ತಿನ ಭಾಷೆಯ ಎಲಿವೇಟರ್. ಮೇಲೆ-ಕೆಳಗೆ ತಿರುಗಿಸುವ ಅಡ್ಡ ಪಟ್ಟಿ. ‘ಮುಂದಿನ ಚುಕ್ಕಾಣಿ’ ಅಂದರೆ ಓದುಗರು ಎಡ-ಬಲ ತಿರುಗಿಸುವ ದೋಣಿಯ ಚುಕ್ಕಾಣಿ ಅಂದುಕೊಳ್ಳುತ್ತಾರೆ. ‘ಮುಂಬದಿಯ ಎಲಿವೇಟರ್’ ಅಂತ ಬರೆದು ಮೊದಲ ಸಲ ಮಾತ್ರ ಮೂಲದ ಪದ ಕೊಡಿ. ‘ಟ್ರಕ್’ ಲಾರಿ ಅಲ್ಲವೇ ಅಲ್ಲ! ಯಂತ್ರವನ್ನು ಕೂರಿಸಿ ಹಳಿಯ ಮೇಲೆ ಉರುಳಿಸುವ ಪುಟ್ಟ ಬಂಡಿ, ಸೈಕಲ್ ಚಕ್ರದ ಹಬ್ ಹಾಕಿ ಮಾಡಿದ್ದು. ‘ಸ್ಟೇಷನ್’ ಅಂದರೆ ಕಿಲ್ ಡೆವಿಲ್ ಹಿಲ್ಸ್‌ನ ಜೀವರಕ್ಷಕ ಠಾಣೆ. ಬಾವುಟ ಏರಿಸಿ ಕರೆದಾಗ ಜಾನ್ ಡೇನಿಯಲ್ಸ್, ವಿಲ್ ಡೌ, ಆಡಮ್ ಎಥರಿಜ್ ಬಂದದ್ದು ಅಲ್ಲಿಂದ. ‘ವಿಲ್’ ಅಂತ ಬರೀ ಹೆಸರಿದ್ದರೆ ಅದು ಅಣ್ಣ ವಿಲ್ಬರ್, ಡೌ ಅಲ್ಲ. ‘20ರಿಂದ 25 ಮೈಲಿ ಗಾಳಿ’ ಅಂದಾಗ ‘ಗಂಟೆಗೆ’ ಅನ್ನುವುದು ಅಧ್ಯಾಹಾರ, ಕನ್ನಡದಲ್ಲಿ ಸೇರಿಸಲೇಬೇಕು.

ಹಳೇಕಡತ:
ಮೊದಲ ಹಾರಾಟ ಅಷ್ಟು ಬೇಗ ಮುಗಿಯಲು ಕಾರಣವೂ ಆ ಎಲಿವೇಟರೇ ಅಂತ ಡೈರಿಯಲ್ಲಿದೆ. ಯಾರಾದರೂ ವಿವರಿಸಿ.

ಗಾಳಿಗೂಡು:
ಡೈರಿಯ ಕಾರಣ ಇಷ್ಟು: ಎಲಿವೇಟರಿನ ಕೀಲು ಅದರ ನಡುವಿಗೆ ತೀರ ಹತ್ತಿರ ಇತ್ತು. ಕೀಲಿನ ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ಗಾಳಿಯ ಒತ್ತಡ ಹೆಚ್ಚುಕಡಿಮೆ ಸಮ. ಕೈಗೆ ಹಗುರ ಅನ್ನಿಸಲಿ ಅಂತ ಮಾಡಿದ್ದು. ಆದರೆ ಸ್ವಲ್ಪ ತಿರುಗಿಸಿದ ಕೂಡಲೇ ಅದು ತಾನಾಗಿಯೇ ಇನ್ನಷ್ಟು ತಿರುಗಿಕೊಳ್ಳುತ್ತಿತ್ತು. ಯಂತ್ರ 10 ಅಡಿ ಮೇಲೇಳುವುದು, ಇಳಿಸಲು ತಿರುಗಿಸಿದರೆ ಅಷ್ಟೇ ರಭಸದಲ್ಲಿ ನೆಲಕ್ಕೆ ನುಗ್ಗುವುದು. ಅಂಥ ಒಂದು ನುಗ್ಗಾಟದಲ್ಲೇ ಮೊದಲ ಹಾರಾಟ ಮುಗಿಯಿತು.

ಕೀಲು ಅರ್ಧ ಕಥೆ ಮಾತ್ರ. ಯಂತ್ರದ ತೂಕದ ಕೇಂದ್ರ ತೀರ ಹಿಂದಿತ್ತು. ಮೂಗು ಚೂರು ಎದ್ದರೆ ತಾನಾಗಿ ಇಳಿಯುವ ಬದಲು ಇನ್ನೂ ಏಳುವ ಗುಣ. 1999ರಲ್ಲಿ ನಾಸಾ ಏಮ್ಸ್‌ನ ದೊಡ್ಡ ಗಾಳಿಸುರಂಗದಲ್ಲಿ ಪೂರ್ಣ ಗಾತ್ರದ ಪ್ರತಿಕೃತಿ ಇಟ್ಟು ಪರೀಕ್ಷಿಸಿದಾಗಲೂ ಈ ಅಸ್ಥಿರತೆ ಕಂಡಿತು. 1904ರಲ್ಲಿ ಸಹೋದರರು ಮುಂದೆ 70 ಪೌಂಡಿನಷ್ಟು ಕಬ್ಬಿಣ ಕಟ್ಟಿ ಸರಿಮಾಡಲು ನೋಡಿದರು. ನಿಜವಾದ ಪರಿಹಾರ ಸಿಕ್ಕಿದ್ದು 1905ರ ಜುಲೈ 14ರಂದು ಆರ್ವಿಲ್ ಜೋರಾಗಿ ಬಿದ್ದ ಮೇಲೆ. ಎಲಿವೇಟರನ್ನು ಹಿಗ್ಗಿಸಿ, ರೆಕ್ಕೆಯಿಂದ ಇನ್ನಷ್ಟು ಮುಂದಕ್ಕೆ ಚಾಚಿದರು. ಸನ್ನೆ ಉದ್ದವಾದಷ್ಟೂ ಹಿಡಿತಕ್ಕೆ ಬರುತ್ತದೆ.

ಮಲೆನಾಡಹಕ್ಕಿ:
ಡಿಸೆಂಬರ್ 14ರ ಹಾರಾಟವನ್ನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ? ನಾಣ್ಯ ಚಿಮ್ಮಿ ಗೆದ್ದಿದ್ದು ವಿಲ್ಬರ್, 3.5 ಸೆಕೆಂಡ್, 105 ಅಡಿ. ಮೊದಲ ಹಾರಾಟದ ಅಂಕಿಯೇ ಹೆಚ್ಚುಕಡಿಮೆ.

ಸೈಕಲ್‌ಚೈನ್:
ಆ ದಿನ ಗಾಳಿ ಇರಲಿಲ್ಲ ಅನ್ನುವಷ್ಟು ಕಡಿಮೆ. ಸಮ ನೆಲದಲ್ಲಿ ಏಳುವುದಿಲ್ಲ ಅಂತ ಹಳಿಯನ್ನು ಗುಡ್ಡದ ಮೇಲೆ, ಸುಮಾರು 9 ಡಿಗ್ರಿ ಇಳಿಜಾರಿನಲ್ಲಿ ಹಾಸಿದರು. ಇಳಿಜಾರು ವೇಗ ಕೊಟ್ಟಿತು, ವಿಲ್ಬರ್ ಮೂಗನ್ನು ತೀರ ಮೇಲೆತ್ತಿದರು, ಯಂತ್ರ ವೇಗ ಕಳೆದುಕೊಂಡು ಕೂತುಬಿಟ್ಟಿತು. ಇಳಿದ ಜಾಗ ಹೊರಟ ಜಾಗಕ್ಕಿಂತ ತಗ್ಗಿನಲ್ಲಿ. ಎಂಜಿನ್ ಬಲದಿಂದಲೇ ಎದ್ದು, ಹೊರಟಷ್ಟೇ ಎತ್ತರದ ನೆಲದಲ್ಲಿ ಇಳಿಯಬೇಕು ಅನ್ನುವ ಷರತ್ತು ತಪ್ಪಿತು. ಟೆಲಿಗ್ರಾಮಿನಲ್ಲಿ ‘ಸಮತಟ್ಟಿನಿಂದ, ಎಂಜಿನ್ ಬಲ ಒಂದರಿಂದಲೇ’ ಅಂತ ಒತ್ತಿ ಬರೆದದ್ದು ಇದೇ ಕಾರಣಕ್ಕೆ. ಎಲಿವೇಟರಿನ ಆಧಾರ ಮುರಿದು 15, 16 ಎರಡು ದಿನ ದುರಸ್ತಿಯಲ್ಲೇ ಹೋಯಿತು.

ನನ್ನ ಪ್ರಕಾರ ಡೈರಿಯಲ್ಲಿ ಓದಲೇಬೇಕಾದ ತಿಂಗಳು ಡಿಸೆಂಬರ್ ಅಲ್ಲ, ನವೆಂಬರ್. ಅಲ್ಲಿ ಒಂದೇ ಭಾಗ ಮೂರು ಸಲ ಕೈಕೊಡುತ್ತದೆ.

ನವೆಂಬರ್ 5ರಂದು ಎಂಜಿನ್ ಚಾಲೂ ಮಾಡಿದಾಗ ಅದು ಸರಿಯಾಗಿ ಉರಿಯದೆ ಎಳೆದೆಳೆದು ಬಡಿಯಿತು. ನಾಲ್ಕು ಸಿಲಿಂಡರ್, 12 ಅಶ್ವಶಕ್ತಿ, ಥ್ರಾಟಲ್ ಇಲ್ಲ, ಪೆಟ್ರೋಲು ಮೇಲಿನ ಪುಟ್ಟ ಟ್ಯಾಂಕಿನಿಂದ ತಾನಾಗಿ ಇಳಿಯಬೇಕು. ಆ ಬಡಿತಕ್ಕೆ ಪ್ರೊಪೆಲ್ಲರ್ ಶಾಫ್ಟು ತಿರುಚಿಹೋಯಿತು. ಕೊಳವೆಯಾಕಾರದ ಉಕ್ಕಿನ ಶಾಫ್ಟು ಅದು, ಡೇಟನ್‌ಗೆ ಸಹೋದರರ ಮೆಕ್ಯಾನಿಕ್ ಚಾರ್ಲಿ ಟೇಲರ್ ಹತ್ತಿರ ದುರಸ್ತಿಗೆ ಹೋಯಿತು. 20ಕ್ಕೆ ವಾಪಸ್ ಬಂತು. ಈಗ ಶಾಫ್ಟು ಗಟ್ಟಿ, ಆದರೆ ಅದರ ಮೇಲಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಸಡಿಲ. ನಟ್ಟು ಎಷ್ಟು ಬಿಗಿದರೂ ಎರಡು ನಿಮಿಷಕ್ಕೆ ಮತ್ತೆ ಆಡುತ್ತದೆ. ಕಾರಣ ಮತ್ತೆ ಅದೇ ಎಂಜಿನ್ ಬಡಿತ: ಚೈನು ಒಂದೇ ಸಮ ಎಳೆಯುವುದಿಲ್ಲ, ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಮಾಡುತ್ತದೆ. ಮರುದಿನ ಸೈಕಲ್ ಟಯರನ್ನು ರಿಮ್ಮಿಗೆ ಅಂಟಿಸುವ ಆರ್ನ್‌ಸ್ಟೈನ್ ಸಿಮೆಂಟನ್ನು ಕಾಯಿಸಿ ಎರೆದು ಬಿಗಿದರು. ನಿಂತಿತು. ಸ್ಟಾಪ್‌ವಾಚಿನಿಂದ ಒಕ್ಕಣೆ ಯಂತ್ರದ ತನಕ ಏನನ್ನಾದರೂ ಅಂಟಿಸೀತು ಇದು ಅಂತ ಆರ್ವಿಲ್ ಟೇಲರ್‌ಗೆ ಬರೆದ ಪತ್ರವೂ 1953ರ ಸಂಪುಟದಲ್ಲಿದೆ.

ಆಮೇಲೆ 28ರಂದು ಶಾಫ್ಟಿನಲ್ಲೇ ಬಿರುಕು. ಕೊಳವೆ ಶಾಫ್ಟಿನ ಸಹವಾಸವೇ ಸಾಕು ಅಂತ ಆರ್ವಿಲ್ 30ಕ್ಕೆ ಡೇಟನ್‌ಗೆ ಹೊರಟು, ಗಟ್ಟಿ ಟೂಲ್ ಸ್ಟೀಲಿನ ಹೊಸ ಶಾಫ್ಟುಗಳೊಂದಿಗೆ ಡಿಸೆಂಬರ್ 11ಕ್ಕೆ ಮರಳಿದರು. ಪೊಳ್ಳು ಶಾಫ್ಟಿಗಿಂತ ತುಂಬು ಶಾಫ್ಟು ಸ್ವಲ್ಪ ಬಾಗಿಕೊಡುತ್ತದೆ, ಬಡಿತವನ್ನು ನುಂಗುತ್ತದೆ ಅನ್ನುವುದು ಅವರ ಎಣಿಕೆ. ಈ ನಡುವೆ ಡಿಸೆಂಬರ್ 8ರಂದು, ಇವರ ಹಾಗೆಯೇ ಹಾರುವ ಪ್ರಯತ್ನದಲ್ಲಿದ್ದ ಲ್ಯಾಂಗ್ಲಿಯವರ ಯಂತ್ರ ಪೊಟೋಮ್ಯಾಕ್ ನದಿಗೆ ಬಿತ್ತು.

ಗಾಳಿಗೂಡು:
ಸಿಮೆಂಟು ಹಿಡಿದ ಮೇಲೆ ನಡೆದ ನೂಕುಬಲದ ಪರೀಕ್ಷೆಯನ್ನೂ ಸೇರಿಸಿ. ಯಂತ್ರವನ್ನು ಉರುಳೆಗಳ ಮೇಲೆ ನಿಲ್ಲಿಸಿ, ಹಿಂದಿನಿಂದ ಹಗ್ಗ ಕಟ್ಟಿ, ರಾಟೆಯ ಮೂಲಕ 50 ಪೌಂಡ್ ಮರಳಿನ ಪೆಟ್ಟಿಗೆ ತೂಗುಬಿಟ್ಟು, ಉಳಿದದ್ದನ್ನು ತಕ್ಕಡಿಯಲ್ಲಿ ಅಳೆಯುವುದು. ನಿಮಿಷಕ್ಕೆ 350 ಸುತ್ತಿನ ಹತ್ತಿರ 130 ಪೌಂಡಿಗಿಂತ ಹೆಚ್ಚು ಬಂತು. ಇವರ ಲೆಕ್ಕದ ಪ್ರಕಾರ ಹಾರಲು ಅಷ್ಟು ಬೇಡವಾಗಿತ್ತು, ಅಲ್ಲಿಗೆ ಭಯ ಹೋಯಿತು.

ನಾಮಪದ:
ಲೆಕ್ಕದ ನೋಟ್‌ಬುಕ್‌ಗಳಲ್ಲಿನ ಎತ್ತುಬಲದ ಗುಣಾಂಕಗಳನ್ನು ಈಗಿನ ಸೂತ್ರದಲ್ಲಿ ಹಾಕಿದರೆ ತೂಕವೇ ಎತ್ತುವುದಿಲ್ಲ ಅಂತ ಬರುತ್ತದೆ. ಇವರ ಲೆಕ್ಕ ತಪ್ಪೇ?

ಗಾಳಿಗೂಡು:
ಲೆಕ್ಕ ತಪ್ಪಲ್ಲ, ಅಳತೆಗೋಲು ಬೇರೆ. ಅವರ ಸೂತ್ರದಲ್ಲಿ ಗಾಳಿಯ ಒತ್ತಡದ ಸ್ಥಿರಾಂಕ, ರೆಕ್ಕೆಯ ವಿಸ್ತೀರ್ಣ, ವೇಗದ ವರ್ಗ, ಗುಣಾಂಕ, ನಾಲ್ಕನ್ನೂ ಗುಣಿಸಬೇಕು. ವಿಸ್ತೀರ್ಣ ಚದರ ಅಡಿ, ವೇಗ ಗಂಟೆಗೆ ಮೈಲಿ. ಸ್ಮೀಟನ್ ಹೆಸರಿನಲ್ಲಿ ನಡೆದುಬಂದಿದ್ದ ಸ್ಥಿರಾಂಕ 0.005. 1901ರ ಗ್ಲೈಡರ್ ನಿರೀಕ್ಷಿಸಿದಷ್ಟು ಎತ್ತದಿದ್ದಾಗ ಇವರು ಸ್ವಂತ ಅಳತೆಯಿಂದ 0.0033ಕ್ಕೆ ಬಂದರು. 6 ಅಡಿ ಉದ್ದ, 16 ಇಂಚು ಚೌಕದ ಮರದ ಗಾಳಿಪೆಟ್ಟಿಗೆಯಲ್ಲಿ ರೆಕ್ಕೆಯ ಆಕಾರಗಳನ್ನು ಪರೀಕ್ಷಿಸಿ ಗುಣಾಂಕ ತೆಗೆದರು.

ಈಗ 1903ರ ಯಂತ್ರ: 510 ಚದರ ಅಡಿ, ತೂಕ 605 ಪೌಂಡ್, ಹಾರುವವರು ಸೇರಿ ಸುಮಾರು 750. ವೇಗ 31, ಅದರ ವರ್ಗ 961. 0.0033 × 510 × 961 ಅಂದರೆ ಸುಮಾರು 1,617. 750ನ್ನು ಇದರಿಂದ ಭಾಗಿಸಿದರೆ 0.46. ಇದು ರೈಟ್ ಪದ್ಧತಿಯ ಗುಣಾಂಕ. ಈಗಿನ ಪದ್ಧತಿಯಲ್ಲಿ 0.0033 ಜಾಗದಲ್ಲಿ 0.00256 ಬರುತ್ತದೆ, ಉತ್ತರ 0.6. ಅಂದರೆ ಅವರ ಗುಣಾಂಕವನ್ನು 1.29ರಿಂದ ಗುಣಿಸಿದರೆ ನಮ್ಮದಾಗುತ್ತದೆ. ಈ ಗುಣಾಕಾರ ಬಿಟ್ಟು ನೇರವಾಗಿ ಹಾಕಿದ್ದರಿಂದಲೇ ನಿಮಗೆ ಎತ್ತುಬಲ ಕಡಿಮೆ ಬಂದಿದೆ. ಅದೇ ಹಳೆಯ 0.005 ಹಾಕಿ ನೋಡಿ, ಯಂತ್ರ ಒಂದೂವರೆ ಪಟ್ಟು ಎತ್ತುತ್ತದೆ ಅನ್ನುವ ಸುಳ್ಳು ಭರವಸೆ ಬರುತ್ತದೆ.

ನಾಮಪದ:
ಸಿಕ್ಕಿತು. 1.29 ಹಾಕಿದರೆ ಎಲ್ಲ ಕೂರುತ್ತಿದೆ.

ಹಳೇಕಡತ:
ನಾಲ್ಕನೇ ಹಾರಾಟದ ನಂತರ ಏನಾಯಿತು ಅನ್ನುವುದನ್ನೂ ದಾಖಲಿಸಿಬಿಡೋಣ. ಇಂಧನ ಮುಗಿದು ಇಳಿಯಿತು ಅಂತ ಒಂದೆರಡು ಕಡೆ ಬರೆದಿದ್ದಾರೆ.

ನಮೂದು:
ಅದಲ್ಲ. 800 ಅಡಿಯ ಹೊತ್ತಿಗೆ ಮತ್ತೆ ಅದೇ ಏರಿಳಿತ ಶುರುವಾಗಿ ಒಂದು ನುಗ್ಗಾಟದಲ್ಲಿ ನೆಲ ಮುಟ್ಟಿತು, ಎಲಿವೇಟರಿನ ಚೌಕಟ್ಟು ಮುರಿಯಿತು. ಯಂತ್ರವನ್ನು ಹೊತ್ತು ತಂದು ನಿಲ್ಲಿಸಿ ಮಾತಾಡುತ್ತಿದ್ದಾಗ ಗಾಳಿ ಎತ್ತಿ ಮಗುಚಿತು. ಹಿಡಿಯಲು ಹೋದ ಡೇನಿಯಲ್ಸ್ ಒಳಗೆ ಸಿಕ್ಕಿಕೊಂಡು ಅದರ ಜೊತೆಯೇ ಉರುಳಿದರು. ದೊಡ್ಡ ಗಾಯವಾಗಲಿಲ್ಲ. ಚೈನ್ ಗೈಡುಗಳು ಬಾಗಿ, ರೆಕ್ಕೆಯ ಹಿಂಬದಿಯ ಪಕ್ಕೆಲುಬುಗಳ ತುದಿಗಳು ಮುರಿದು ಆ ವರ್ಷದ ಹಾರಾಟ ಅಲ್ಲಿಗೆ ಮುಗಿಯಿತು. ಆ ಯಂತ್ರ ಮತ್ತೆಂದೂ ಹಾರಲಿಲ್ಲ.

ಮಲೆನಾಡಹಕ್ಕಿ:
ಕೊನೇ ಪ್ರಶ್ನೆ. ಎಲ್ಲರೂ ಹಾಕುವ ಆ ಫೋಟೋ ಯಾವ ಕ್ಷಣದ್ದು? ‘100 ಅಡಿ ದೂರ ಹಾರಿದಾಗ’ ಅಂತ ಅಡಿಬರಹ ಹಾಕಿದ್ದನ್ನು ನೋಡಿದ್ದೇನೆ.

ನಮೂದು:
ಡೈರಿಯ ಪ್ರಕಾರ ಯಂತ್ರ ಹಳಿ ಬಿಟ್ಟ ಕ್ಷಣದ್ದು. ಕ್ಯಾಮೆರಾ ಒತ್ತಿದವರು ಡೇನಿಯಲ್ಸ್, 5×7 ಇಂಚಿನ ಗಾಜಿನ ಪ್ಲೇಟ್. ಚಿತ್ರದಲ್ಲೇ ಹಳಿ ಕಾಣುತ್ತದೆ, ಯಂತ್ರ ಅದರ ತುದಿಯ ಹತ್ತಿರವೇ ಇದೆ, ಪಕ್ಕದಲ್ಲಿ ಓಡಿ ಬಂದ ವಿಲ್ಬರ್ ನಿಂತಿದ್ದಾರೆ. 100 ಅಡಿ ದೂರ ಅಂದರೆ ಹಾರಾಟ ಮುಗಿಯುವ ಜಾಗ, ಆ ಅಡಿಬರಹವನ್ನು ತೆಗೆಸಿ. ಇನ್ನೊಂದು: ಮುದ್ರಿಸುವಾಗ ಚಿತ್ರದ ಮೂಲೆ ಹರಿದಂತೆ ಕಂಡರೆ ಸ್ಕ್ಯಾನಿನ ದೋಷ ಅಂತ ಒರೆಸಿ ತಿದ್ದಬೇಡಿ. 1913ರ ಮಾರ್ಚಿನ ಡೇಟನ್ ಪ್ರವಾಹದಲ್ಲಿ ಪ್ಲೇಟುಗಳು ನೀರಲ್ಲಿ ಮುಳುಗಿ, ಈ ಪ್ಲೇಟಿನ ಮೂಲೆಯ ಲೇಪ ಎದ್ದುಹೋಗಿದೆ.

ಹಳೇಕಡತ:
ಅಡಿಬರಹ ಹೀಗೆ ಇಡುತ್ತಿದ್ದೇನೆ: ‘1903ರ ಡಿಸೆಂಬರ್ 17, ಬೆಳಗ್ಗೆ 10.35, ಯಂತ್ರ ಹಳಿ ಬಿಟ್ಟ ಕ್ಷಣ. ಹಾರಿದ ಹೊತ್ತು ಸುಮಾರು 12 ಸೆಕೆಂಡ್.’ ಆ ‘ಸುಮಾರು’ ಉಳಿಯಲಿ.